ಅತ್ತೆ ಹಾಕದ ಸಹಿ

ನಮ್ಮ ಅತ್ತೆಯ ಎರಡೂ ಕಿರುಬೆರಳುಗಳು ಉಂಗುರದ ಬೆರಳಿನಷ್ಟೇ ದಪ್ಪವಾಗಿದ್ದವು. ಹುಟ್ಟಿನಿಂದ ಬಂದದ್ದಲ್ಲ, ಚಿಕ್ಕ ವಯಸ್ಸಿನಿಂದ ಟೈಪ್‌ರೈಟರಿನ ಅಂಚಿನ ಕೀಗಳನ್ನು ಕುಟ್ಟಿ ಕುಟ್ಟಿ ಬಂದದ್ದು. ಆ ಕಿರುಬೆರಳನ್ನು ಮಡಿಸಿ ತಲೆಯ ಮೇಲೆ ಒಂದು ಮೊಟಕಿದಳೆಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ತಮಿಳು ಸೀಮೆಯ ನಮ್ಮ ಚಿನ್ನಮನೂರಿನಲ್ಲಿ ನನ್ನ ವಾರಿಗೆಯ ಅರ್ಧ ಊರಿಗೆ ಆ ಮೊಟಕಿನ ರುಚಿ ಗೊತ್ತು.

ಇದನ್ನು ಬರೆಯಲು ಕೂತದ್ದೇ ಸಿಟ್ಟಿನಿಂದ. ನನ್ನ ಜೊತೆ ಕೆಲಸ ಮಾಡುವ ಹುಡುಗರು ಈಚೆಗೆ ಒಂದು ಮಾತು ಕಲಿತಿದ್ದಾರೆ: "ಈ ಕಂಪ್ಯೂಟರ್ ಸರ್ಟಿಫಿಕೇಟುಗಳೆಲ್ಲ ದಂಡ ಮೇಡಂ, ಬರೀ ಕಾಗದ." ಹೀಗೆ ಹೇಳುವವರನ್ನು ಗಮನಿಸಿ ನೋಡಿದ್ದೇನೆ. ಅವರ ಜೇಬಿನಲ್ಲಿ ಆಗಲೇ ಇಂಜಿನಿಯರಿಂಗ್ ಡಿಗ್ರಿಯ ಕಾಗದ ಇರುತ್ತದೆ. ಅದೂ ಸಾಲದಿದ್ದರೆ, ಫೋನು ಮಾಡಿ "ನಮ್ಮ ಹುಡುಗ, ನೋಡಿಕೊಳ್ಳಿ" ಎನ್ನುವ ದೊಡ್ಡಪ್ಪ ಇರುತ್ತಾನೆ. ಹೊಲ, ದನ, ಮನೆಯೊಳಗೆ ಮಾತ್ರ ಆಡುವ ಕನ್ನಡ, ಇಷ್ಟೇ ಇದ್ದ ನಮ್ಮಂಥ ಮನೆಯ ಹೆಣ್ಣುಮಕ್ಕಳ ಪರವಾಗಿ ಫೋನು ಮಾಡುವವರು ಯಾರಿದ್ದರು? ಕಾಗದವೇ ನಮ್ಮ ದೊಡ್ಡಪ್ಪ. ಆದರೆ ಯಾವ ಕಾಗದ ಅನ್ನುವುದು ಬೇರೆ ಪ್ರಶ್ನೆ, ಅದನ್ನು ನನಗೆ ಕಲಿಸಿದವಳು ಅತ್ತೆ. ಕಲಿಸಿದ ರೀತಿಗೆ ನಾನು ಅವಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ.

ಅತ್ತೆ ಎಂದರೆ ಅಪ್ಪನ ತಂಗಿ. ಊರಿಗೆಲ್ಲ ಅವಳು ಟೀಚರ್. ಮಾವ ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ತೂಕ ನೋಡಿಕೊಳ್ಳುತ್ತಿದ್ದರು, ಅತ್ತೆ ನಮ್ಮೂರಿನ ಬಸ್ ಸ್ಟ್ಯಾಂಡಿನ ಬಳಿ ಒಂದು ಮಾಳಿಗೆಯ ಮೇಲಿದ್ದ ಇನ್‌ಸ್ಟಿಟ್ಯೂಟಿನಲ್ಲಿ ಸಂಬಳಕ್ಕೆ ಟೈಪಿಂಗ್ ಕಲಿಸುತ್ತಿದ್ದಳು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಬರುವಂತೆ ಕಟ್ಟುತ್ತಿದ್ದಳು. ಬಾಯಲ್ಲಿ ಸದಾ ಒಂದು ಏಲಕ್ಕಿ. ಕೂರುವ ಮೊದಲು ಮೆಷಿನ್ನಿನ ಮೇಲೆ ಉಫ್ ಎಂದು ಊದುತ್ತಿದ್ದಳು, ಧೂಳಿರಲಿ ಬಿಡಲಿ. ಮಕ್ಕಳು ಏನೇ ಹೇಳಿಕೊಂಡರೂ, "ಅತ್ತೆ, ನಂಗೆ ಪೂರಾ ಬರ್ತದೆ" ಎಂದರೂ, ಅವಳ ಉತ್ತರ ಒಂದೇ: "ಮಾಡಿ ತೋರ್ಸು."

ಅವಳ ಕಾಲದಲ್ಲಿ ಸರ್ಕಾರದ ಟೈಪಿಂಗ್ ಪರೀಕ್ಷೆಗೆ ಮೆಷಿನ್ನನ್ನೂ ಹೊತ್ತುಕೊಂಡು ಹೋಗಬೇಕಿತ್ತು. ಅತ್ತೆ ದಿಂಡುಗಲ್ಲಿನವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದಳಂತೆ. ಮೇಲೆ ಲಗೇಜಿನ ಜೊತೆ ಹಾಕುತ್ತೇನೆಂದ ಕಂಡಕ್ಟರನಿಗೆ ಚೆನ್ನಾಗಿ ಬೈದಳಂತೆ. ಇಷ್ಟೆಲ್ಲ ಮಾಡಿಯೂ ಮೊದಲ ಸಲ ನಪಾಸಾದಳು, ಅವಸರದಲ್ಲಿ ಒಂದು ಸಾಲು ಬಿಟ್ಟಿದ್ದಳು. ನಮ್ಮ ಕಡೆ ಇಂಥದ್ದನ್ನು ಮನೆಯವರು ಯಾರಿಗೂ ಹೇಳುವುದಿಲ್ಲ. ಅತ್ತೆ ಮಾತ್ರ ಕೊಳಾಯಿಯ ಬಳಿ ನಿಂತು ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ನಾ ಪೇಲಾಗೋದೆ ಅಕ್ಕಾ! ದಿಂಡುಕ್ಕಲ್ ಪರೀಚ್ಚೇಲಿ ಪೇಲು!"

ಹೆಂಗಸರು ಕೊಡ ತುಂಬುವುದನ್ನು ಬಿಟ್ಟು ಮುಖ ಮುಖ ನೋಡಿಕೊಂಡರು. ಪಾಪ ಅಂತ ಒಬ್ಬಳು ಲೊಚಗುಟ್ಟಿದ್ದಕ್ಕೆ ಅತ್ತೆಗೆ ರೇಗಿತು.

"ಪಾಪ ಯಾಕೆ? ಪೇಲ್ ಮಾಡೋದ್ಕೆ ತಾನೆ ಅದನ್ನ ಪರೀಚ್ಚೆ ಅನ್ನೋದು? ಎಲ್ಲಾರ್ನೂ ಪಾಸ್ ಮಾಡಿದ್ರೆ ಅದು ಕಲ್ಯಾಣದ ಊಟ. ಎಲೆ ಮುಂದೆ ಕೂತೋರ್ಗೆಲ್ಲ ಬಡಿಸ್ತಾರೆ."

ಮುಂದಿನ ಸಲ ಪಾಸಾದಳು. ಆ ಸುದ್ದಿಯನ್ನು ಕೊಳಾಯಿಯ ಬಳಿ ಹೇಳಲಿಲ್ಲವಂತೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇನ್‌ಸ್ಟಿಟ್ಯೂಟಿನ ಮಾಲೀಕರು ಟೈಪ್‌ರೈಟರುಗಳನ್ನು ಹಳೇ ಕಬ್ಬಿಣದವನಿಗೆ ಹಾಕಿ ಕಂಪ್ಯೂಟರ್ ತಂದರು. ಹೊರಗೆ ದೊಡ್ಡ ಬೋರ್ಡು ಬಂತು, ಒಳಗೆ ಎ.ಸಿ. ಬಂತು, ಚಪ್ಪಲಿ ಬಾಗಿಲಾಚೆ ಬಿಡಬೇಕೆಂಬ ನಿಯಮ ಬಂತು. ಅತ್ತೆ ತಾನೂ ಕಲಿತು ಕಂಪ್ಯೂಟರ್ ಟೀಚರಾದಳು. ಹೊಸದಾಗಿ ಸೇರಿದವರು ಅಳಿಸಿ ಅಳಿಸಿ ಹೊಡೆಯುತ್ತಾರೆಂದು ಕೀಬೋರ್ಡಿನಿಂದ ಹಿಂದಕ್ಕೆ ಅಳಿಸುವ ಕೀಯನ್ನೇ ಕಿತ್ತು ತನ್ನ ಡ್ರಾಯರಿನಲ್ಲಿ ಹಾಕಿಕೊಂಡಿದ್ದಳು. ಮಾಲೀಕರು ತಲೆ ಚಚ್ಚಿಕೊಂಡರು. "ಚೆನ್ನಾಗಿ ಹೊಡೆಯೋಕೆ ಬಂದ್ಮೇಲೆ ವಾಪಸ್ ಹಾಕ್ತೀನಿ" ಎಂದಳು, ಹಾಗೆಯೇ ಒಬ್ಬೊಬ್ಬರಿಗೂ ಹಾಕಿಕೊಟ್ಟಳು.

ಕೋರ್ಸು ಮುಗಿದ ಮೇಲೆ ಕಲ್ಯಾಣ ಮಂಟಪದಲ್ಲಿ ಸಮಾರಂಭ, ಊರಿನ ಗಣ್ಯರ ಕೈಯಿಂದ ಚಿನ್ನದ ಅಕ್ಷರದ ಸರ್ಟಿಫಿಕೇಟು. ಅದರಲ್ಲಿ ಎರಡು ಸಹಿ ಇರಬೇಕು. ಎಡಗಡೆ ಮಾಲೀಕರದು, ಬಲಗಡೆ ಕಲಿಸಿದವರದು.

ನಾನು ಪ್ಲಸ್ ಟೂ ಮುಗಿಸಿ ಅಲ್ಲಿಗೆ ಸೇರಿದ್ದೆ. ವೇದಸಂದೂರಿನ ಒಂದು ನೂಲಿನ ಮಿಲ್ಲಿನ ಆಫೀಸಿನಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು, ಕಂಪ್ಯೂಟರ್ ಸರ್ಟಿಫಿಕೇಟು ಇರಬೇಕಿತ್ತು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಆ ಕೆಲಸ ಸಿಕ್ಕಿದರೆ ದಿಂಡುಗಲ್ಲಿನ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹೋಗಿಬರಬಹುದು, ಸಿಗದಿದ್ದರೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಗಂಡು ಸಿದ್ಧವಾಗಿದ್ದ. ನನಗೆ ಆ ಗಂಡು ಬೇಡವಾಗಿತ್ತು, ಮಿಲ್ಲು ಬೇಕಾಗಿತ್ತು. ಸರ್ಟಿಫಿಕೇಟು ಸಿಗುವುದರ ಬಗ್ಗೆ ಮಾತ್ರ ಚಿಂತೆ ಇರಲಿಲ್ಲ. ಸಹಿ ಹಾಕುವವಳು ನನ್ನದೇ ಅತ್ತೆ.

ಕೊನೆಯ ವಾರ ಅತ್ತೆ ಒಬ್ಬೊಬ್ಬರನ್ನೇ ಕೂರಿಸಿ ತನ್ನದೇ ಒಂದು ಪರೀಕ್ಷೆ ಇಟ್ಟಳು. ಮಾಲೀಕರು ಹೇಳಿದ್ದಲ್ಲ. ನನ್ನ ಸರದಿ ಬಂದಾಗ ಮಿಲ್ಲಿನ ಆಳುಗಳ ಹಾಜರಿಯ ಪಟ್ಟಿ ತೆರೆದುಕೊಟ್ಟು, "ಒಟ್ಟು ಹಾಕಿ ಮಾಡಿ ತೋರ್ಸು" ಎಂದಳು. ನಾನು ಹೆಜ್ಜೆಗಳನ್ನೆಲ್ಲ ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಹಾಗೇ ಒತ್ತುತ್ತಾ ಹೋದೆ. ಕೊನೆಗೆ ಬಂದ ಮೊತ್ತ ನೋಡಿದರೆ ರಜೆ ಹಾಕಿದವನಿಗೇ ಎಲ್ಲರಿಗಿಂತ ಹೆಚ್ಚು ಹಾಜರಿ! ಎಲ್ಲಿ ತಪ್ಪಿದೆ ಎಂದು ಹುಡುಕುವುದು ನನಗೆ ಗೊತ್ತಿರಲಿಲ್ಲ.

"ಪ್ರಿಂಟ್ ಕೊಡ್ಲಾ ಅತ್ತೆ?" ಎಂದೆ.

"ತಪ್ಪನ್ನ ಪ್ರಿಂಟ್ ಕೊಡ್ತೀಯಾ?" ಕೀಬೋರ್ಡನ್ನು ನನ್ನ ಕಡೆ ಸರಿಸಿದಳು. ನಾನು ಅದೇ ಹೆಜ್ಜೆಗಳನ್ನು ಮತ್ತೆ ಒತ್ತಿದೆ. "ನಿಂಗಿದು ಬರ್ಲಿಲ್ಲ, ನನ್ ಕಣ್ಣೂ. ಎದ್ದೇಳು."

ಬಲಗಡೆಯ ಸಹಿ ಬೀಳಲಿಲ್ಲ. ಇನ್ನೂ ಕೆಲವರದಕ್ಕೂ ಬೀಳಲಿಲ್ಲ. ಮಾಲೀಕರು ತಮಿಳಿನಲ್ಲಿ ಬೇಡಿಕೊಂಡರು, ಆಮೇಲೆ ಕೂಗಾಡಿದರು. ಅತ್ತೆ ಪೆನ್ನನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಅಂದು ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಪಂಚಾಯಿತಿಯೇ ನಡೆಯಿತು. ಅಪ್ಪ, ಅಜ್ಜಿ, ನಾನು ಒಂದು ಕಡೆ, ಅತ್ತೆ ಒಬ್ಬಳೇ ಇನ್ನೊಂದು ಕಡೆ.

"ಏನಮ್ಮಾ ಇದು? ಅಣ್ಣನ ಮಗ್ಳಿಗೇ ಹಿಂಗಾ?" ಎಂದರು ಅಪ್ಪ. "ಒಂದು ಕೈಯೆಳುತ್ತು ತಾನೆ ಕೇಳ್ತಿರೋದು?"

ಕೈಯೆಳುತ್ತು ಎಂದರೆ ಸಹಿ, ನಮ್ಮ ಮನೆಮಾತಿನಲ್ಲಿ ಸೇರಿಹೋದ ತಮಿಳು.

"ಒಂದು ಕೈಯೆಳುತ್ತು ಅಂತ ಸುಲಭವಾಗಿ ಹೇಳ್ತೀಯಲ್ಲಣ್ಣಾ. ನನ್ನ ಹತ್ರ ಇರೋದೇ ಅದೊಂದು."

ಅಜ್ಜಿಗೆ ತಡೆಯಲಾಗಲಿಲ್ಲ. "ಹೆಣ್ ಪುಳ್ಳೆ ಬಾಳು ಹಾಳಾಗ್ತದೆ ಕಣೇ. ನಿಂಗೆ ಕಲ್ಲು ಮನಸಾ?"

ಅತ್ತೆ ಅಜ್ಜಿಯ ಕಡೆ ತಿರುಗಿದಳು. "ಅವ್ವಾ, ನೀನೇ ಹೇಳು. ಪಟ್ಟದಾವಿನ ಬಾಯಿಗೆ ಯಾರಾದ್ರೂ ಕಬ್ಬು ತುರುಕ್ತಾರಾ?"

ಅಜ್ಜಿ ಸೀದಾ ಎದ್ದು ಒಳಗೆ ಹೋದಳು. ಅದಕ್ಕೆ ಕಾರಣವಿದೆ. ನಮ್ಮ ಕುಲದವರು ದೇವರಿಗೆಂದು ಬಿಟ್ಟ ದನಗಳ ಒಂದು ಮಂದೆ ಇದೆ. ಅದರಲ್ಲೊಂದು ಎತ್ತು ರಾಜ. ಅದನ್ನು ಪಟ್ಟದಾವು ಎನ್ನುತ್ತೇವೆ, ದೇವರೆಂದೇ ಕೈಮುಗಿಯುತ್ತೇವೆ. ಅದು ಸತ್ತರೆ ಹೊಸದನ್ನು ಮನುಷ್ಯರು ಆರಿಸುವ ಹಾಗಿಲ್ಲ. ಮಂದೆಯನ್ನೆಲ್ಲ ಸೇರಿಸಿ, ಕರ್ಪೂರ ಹಚ್ಚಿ, ಕಬ್ಬಿನ ಕಟ್ಟು ಇಟ್ಟು ದೂರ ನಿಲ್ಲುತ್ತಾರೆ. ಯಾವುದು ತಾನಾಗಿ ನಡೆದುಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಹಿಂದೆ ಒಬ್ಬ ದೊಡ್ಡ ಮನುಷ್ಯ, ತಾನು ಬಿಟ್ಟ ಕರುವಿಗೇ ಪಟ್ಟ ಆಗಲಿ ಎಂಬ ಆಸೆಯಿಂದ, ಜನ ಕಣ್ಮುಚ್ಚಿ ಕೈಮುಗಿದಿದ್ದಾಗ ಕಬ್ಬಿನ ತುದಿಯನ್ನು ಅದರ ಬಾಯಿಗೆ ಇಟ್ಟುಬಿಟ್ಟ. ಅದು ಹೇಗೋ ಗೊತ್ತಾಯಿತು. ಹಾಕಿದ ಹಾರ ತೆಗೆದರು, ಇನ್ನೊಂದು ದಿನ ಮಂದೆ ಸೇರಿಸಿ ಮೊದಲಿಂದ ಮಾಡಿದರು. ಆ ಮನೆಯವರನ್ನು ಬಹಳ ಕಾಲ ಹಾರ ಮುಟ್ಟಲು ಬಿಡಲಿಲ್ಲ. ಆ ದೊಡ್ಡ ಮನುಷ್ಯ ಅಜ್ಜಿಯ ಮಾವ. ಆ ಮನೆ ನಮ್ಮದೇ.

ನನಗೆ ಮಾತ್ರ ಪಿತ್ತ ನೆತ್ತಿಗೇರಿತು. "ನಾನೇನು ದನವಾ ಅತ್ತೆ?" ಎಂದು ಕಿರುಚಿದೆ.

"ದನಕ್ಕಿರೋ ಮರ್ಯಾದೆ ನಿಂಗೂ ಇರ್ಲಿ ಅಂತ ತಾನೆ ಹೇಳ್ತಿರೋದು!" ಎಂದು ಅವಳೂ ಅಷ್ಟೇ ಜೋರಾಗಿ ಕಿರುಚಿದಳು.

ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪನ ಮುಂದೆ ನಿಂತಳು. "ಅಣ್ಣಾ, ಇವಳ ಮಿಲ್ಲಿನ ವೇಲೆ ಕೆಡಿಸಿದೋಳು ನಾನು. ಸರಿ ಮಾಡೋಳೂ ನಾನೇ. ಒಂದು ವರ್ಷ ಕೊಡು. ಅಷ್ಟರೊಳ್ಗೆ ಮದ್ವೆ ಮಾತೆತ್ತಿದ್ರೆ ನಾ ನಿನ್ನ ಮನೆ ಬಾಸಲು ತುಳಿಯೋಲ್ಲ."

ಅಪ್ಪನಿಗೆ ಇದ್ದದ್ದು ಒಬ್ಬಳೇ ತಂಗಿ. ಗೊಣಗುತ್ತಾ ಒಪ್ಪಿದರು.

ಸಮಾರಂಭ ನಡೆಯಿತು. ನನಗೂ ಚಿನ್ನದ ಅಕ್ಷರದ ಸರ್ಟಿಫಿಕೇಟು ಬಂತು, ಬಲಗಡೆ ಖಾಲಿ ಇದ್ದದ್ದು. ಅದನ್ನೇ ಹಿಡಿದು ವೇದಸಂದೂರಿಗೆ ಹೋದೆ. ಮಿಲ್ಲಿನವರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳಿದರು. ನನ್ನ ಜೊತೆ ಕಲಿತ ಹುಡುಗಿಗೆ ಕೆಲಸ ಸಿಕ್ಕಿತು, ಅವಳಿಗೆ ಅತ್ತೆ ಸಹಿ ಹಾಕಿದ್ದಳು. ಅದೇ ವಾರ ಮಾಲೀಕರು ಅತ್ತೆಯನ್ನು ಕೆಲಸದಿಂದ ತೆಗೆದರು. ನನಗೆ ಒಳಗೊಳಗೇ ಖುಷಿಯಾಯಿತು. ಅದಕ್ಕೆ ಈಗಲೂ ನಾಚಿಕೆಪಡುವುದಿಲ್ಲ. ಆ ವಯಸ್ಸಿನಲ್ಲಿ ಆ ಸಿಟ್ಟು ನ್ಯಾಯವಾದದ್ದೇ.

ಮಾತು ಬಿಟ್ಟಿದ್ದೆನಲ್ಲ, ಅದು ಅತ್ತೆಗೆ ಲೆಕ್ಕಕ್ಕೇ ಇರಲಿಲ್ಲ. ಮಧ್ಯಾಹ್ನ ಬಂದು "ಹೊರಡು" ಎನ್ನುತ್ತಿದ್ದಳು. ಬೋಡಿನಾಯಕನೂರಿನ ಮಂಡಿಯಲ್ಲಿ ಹರಾಜು ಮುಗಿದ ಮೇಲೆ ಅಲ್ಲಿನ ಕಂಪ್ಯೂಟರ್ ಸುಮ್ಮನೆ ಕೂತಿರುತ್ತಿತ್ತು. ಮಾವ ಹೇಳಿ ಒಪ್ಪಿಸಿದ್ದರು. ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಒಂದು ಮಾತೂ ಆಡದೆ ಹೋಗಿ ಬರುತ್ತಿದ್ದೆವು. ಏಲಕ್ಕಿ ಮೂಟೆಗಳ ನಡುವೆ ಕೂರಿಸಿ ಅವಳು ಬೇಕೆಂದೇ ಏನಾದರೂ ಕೆಡಿಸಿಡುತ್ತಿದ್ದಳು, ನಾನು ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕು. ವೈರು ಸಡಿಲ ಮಾಡಿಡುವಳು. ಲೆಕ್ಕದ ಒಂದು ಸಾಲು ಕದಲಿಸಿಡುವಳು. ಹಟಕ್ಕೆ ಬಿದ್ದು ಹುಡುಕುತ್ತಿದ್ದೆ. ಯಾವಾಗ ಮಾತು ಶುರುವಾಯಿತೋ ನೆನಪಿಲ್ಲ. ಒಂದು ದಿನ ಸಿಕ್ಕೇಬಿಟ್ಟಿತು ಎಂದು ಕೂಗಿಕೊಂಡೆ, ಅವಳು ತಲೆಗೆ ಮೊಟಕಿದಳು.

ಆ ದಿನಗಳಲ್ಲಿ ಮಧುರೆಯಲ್ಲಿ ಹೊರದೇಶದ ಕಂಪನಿಯೊಂದರ ಪರೀಕ್ಷೆ ಬರೆಯಬಹುದಿತ್ತು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ನಡೆಸುವ ವಿದ್ಯೆಯ ಮೇಲೆ. ಅಲ್ಲಿ ಯಾರ ಅತ್ತೆಯೂ ಇಲ್ಲ, ಗಣ್ಯರೂ ಇಲ್ಲ. ಗಾಜಿನ ಕೋಣೆ, ಒಂದು ಪರದೆ, ನಾನು. ಮುಗಿದ ಕೂಡಲೇ ಪರದೆಯೇ ಫಲಿತಾಂಶ ಹೇಳುತ್ತದೆ. ಮೊದಲ ಸಲ ನಪಾಸು ಎಂದಿತು. ನಾನು ಅಲ್ಲಿಂದಲೇ ಫೋನು ಮಾಡಿ ಹೇಳಿ, ಅಳುತ್ತಾ ಮನೆಗೆ ಬರುವಷ್ಟರಲ್ಲಿ ಅತ್ತೆ ಕೊಳಾಯಿಯ ಬಳಿ ನಿಂತು ಬೀದಿಗೆಲ್ಲ ಸಾರಿಯಾಗಿತ್ತು: "ನಮ್ ಪುಳ್ಳೆ ಪೇಲಾಗೋದ್ಳು! ಮದ್ರೇಲಿ!" ಎಷ್ಟು ಜಂಬದಿಂದ ಹೇಳಿದಳೆಂದರೆ ಕೆಲವರು ಪಾಸಾದೆನೆಂದೇ ತಿಳಿದರು.

ಎರಡನೆಯ ಸಲ ಪಾಸಾದೆ. ವರ್ಷ ತುಂಬುವ ಮೊದಲೇ ದಿಂಡುಗಲ್ಲಿನ ಇನ್ನೊಂದು ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಅಧಿಕಾರಿ "ಡಿಗ್ರಿ ಎಲ್ಲಿ?" ಎಂದರು. ಇಲ್ಲ ಎಂದು ಮಧುರೆಯ ಸರ್ಟಿಫಿಕೇಟು ಕೊಟ್ಟೆ. ತಿರುಗಿಸಿ ನೋಡಿ, "ಇದು ಅಷ್ಟು ಸುಲಭಕ್ಕೆ ಕೊಡುವುದಿಲ್ಲವಲ್ಲ" ಎಂದು ಕುರ್ಚಿ ತೋರಿಸಿದರು. ಬರೀ ಕಾಗದ ಎನ್ನುವ ಹುಡುಗರಿಗೆ ನಾನು ಹೇಳುವುದು ಆ ಕುರ್ಚಿಯ ಸಂಗತಿ. ಇಲ್ಲ ಎನ್ನಲು ಬಾರದವರು ಕೊಟ್ಟದ್ದು ಬರೀ ಕಾಗದವೇ, ಒಪ್ಪುತ್ತೇನೆ. ಆದರೆ ಬಾಗಿಲೊಳಗೆ ನನ್ನನ್ನು ಕರೆದುಕೊಂಡು ಹೋದದ್ದು ಕೂಡ ಕಾಗದ. ಅದನ್ನು ಯಾರೂ ನನ್ನೆದುರು ಹೀಯಾಳಿಸಬೇಡಿ.

ಮೊದಲ ರಜೆಗೆ ಊರಿಗೆ ಬಂದಾಗ ನೇರವಾಗಿ ಅತ್ತೆಯ ಮನೆಗೆ ಹೋದೆ. ಮಧುರೆಯ ಸರ್ಟಿಫಿಕೇಟನ್ನು ಅವಳು ಸರಿಯಾಗಿ ನೋಡಲೂ ಇಲ್ಲ. ನಾನು ಬ್ಯಾಗಿನಿಂದ ಆ ಹಳೆಯ ಚಿನ್ನದ ಅಕ್ಷರದ್ದನ್ನು ತೆಗೆದು ಪೆನ್ನಿನ ಸಮೇತ ಮುಂದಿಟ್ಟೆ.

"ಈಗಾದ್ರೂ ಹಾಕು ಅತ್ತೆ."

ಕನ್ನಡಕ ಹಾಕಿಕೊಂಡು ಓದಿದಳು. "ಇದ್ರ ಮೇಲಿರೋ ತೇದಿ ನೋಡು. ಅವತ್ತು ನಿಂಗೆ ಬರ್ತಿರ್ಲಿಲ್ಲ."

"ಈಗ ಬರ್ತದಲ್ಲ!"

"ಈಗಿಂದು ನಿನ್ ಹತ್ರ ಇದ್ಯಲ್ಲ. ಅವತ್ತೇ ಬರ್ತಿತ್ತು ಅನ್ನೋ ಪೊಯ್ಯಿ ನಾ ಈಗ ಯಾಕೆ ಹೇಳ್ಲಿ?" ಎಂದು ಪೆನ್ನನ್ನು ವಾಪಸು ಕೊಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಏಲಕ್ಕಿ ಕೊಟ್ಟಳು.

ಅದಾದ ಮೇಲೆಯೂ ಕೇಳುತ್ತಲೇ ಇದ್ದೆ. ಅದು ನಮ್ಮಿಬ್ಬರ ತಮಾಷೆಯಾಯಿತು. ಹಬ್ಬಕ್ಕೆ ಹೋದರೆ ಕೇಳುವುದು, ಅವಳು ಆಗುವುದಿಲ್ಲ ಎನ್ನುವುದು. ಕೊನೆಗೆ ತೇನಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನರ್ಸಿಗೆ "ಸೂಜಿ ಚುಚ್ಚೋದ್ರಲ್ಲಿ ಪಾಸಾಗಿದ್ದೀಯಾ ತಾಯಿ?" ಎಂದು ವಿಚಾರಿಸಿದ ಮೇಲೆ, ನನ್ನನ್ನು ನೋಡಿ ತಾನೇ ಶುರುಮಾಡಿದಳು: "ತಂದಿದ್ದೀಯಾ?" ತಂದಿದ್ದೆ. ತೆಗೆದು ತೋರಿಸಿದೆ. ನಕ್ಕು, ಮುಖ ಆಚೆ ತಿರುಗಿಸಿಕೊಂಡಳು. ಎರಡು ದಿನವಾದ ಮೇಲೆ ಹೋದಳು. 

ಮಧುರೆಯದೂ ಆಮೇಲೆ ಬರೆದು ಪಾಸಾದವೂ ನನ್ನ ಬೀರುವಿನಲ್ಲಿವೆ. ಆಫೀಸಿನ ಗೋಡೆಗೆ ಹಾಕಿರುವುದು ಆ ಚಿನ್ನದ ಅಕ್ಷರದ್ದೊಂದನ್ನೇ. ಹೊಸಬರು ಬಂದರೆ ಹತ್ತಿರ ಹೋಗಿ ನೋಡಿ, "ಮೇಡಂ, ಇದಕ್ಕೆ ಒಂದು ಸಹಿಯೇ ಇಲ್ಲವಲ್ಲ" ಎನ್ನುತ್ತಾರೆ. ಪಕ್ಕದ ಕೋಣೆಗೂ ಕೇಳುವಂತೆ ಹೇಳುತ್ತೇನೆ:

"ಇಲ್ಲ. ಅವತ್ತು ನಾನು ಫೇಲು."