ಅಕ್ಕನ ಮುಯ್ಯಿ

ನಿನ್ನೆ ನಾನು ಹಾಕಿದ್ದ ಅಂಗಿಯನ್ನು ಬಕೆಟ್ಟಿಗೆ ಹಾಕುವ ಮೊದಲು ನನ್ನ ಹೆಂಡತಿ ಭಾಗ್ಯ ಅದರ ತೋಳನ್ನು ಮೂಗಿನ ಹತ್ತಿರ ಹಿಡಿದಳು. ನಾನು ಪೇಪರನ್ನು ಇನ್ನಷ್ಟು ಎತ್ತರಕ್ಕೆ ಎತ್ತಿಕೊಂಡೆ. ಹಸಿ ಹೊಗೆಸೊಪ್ಪಿನ ಅಂಟು ಬಟ್ಟೆಗೆ ಹತ್ತಿದರೆ ಅದನ್ನು ಮುಚ್ಚಿಡುವ ಸೋಪು ಇನ್ನೂ ಬಂದಿಲ್ಲ. ಪಿರಿಯಾಪಟ್ಟಣದ ಕಡೆ ಹುಟ್ಟಿ ಬೆಳೆದವರಿಗೆ ಆ ವಾಸನೆ ತಮ್ಮ ಮೈವಾಸನೆಯಷ್ಟೇ ಸಹಜ. ಆದರೆ ಹೊಲ, ಧೂಳು, ಹೊಗೆ ಮೂರರಿಂದಲೂ ದೂರ ಇರಬೇಕೆಂದು ಡಾಕ್ಟರು ಹೇಳಿರುವುದರಿಂದ ಸದ್ಯಕ್ಕೆ ನನ್ನ ಪಾಲಿಗೆ ಅದು ಕಳ್ಳಮಾಲು.

"ಬಿಳಿಕೆರೆಗೆ ಹೋಗಿದ್ದೆ ಅಂದ್ರಿ," ಎಂದಳು.

ಬಿಳಿಕೆರೆಯಲ್ಲಿ ಹೊಗೆಸೊಪ್ಪು ಇಲ್ಲವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾನು ನಿಜವಾಗಿ ಎಲ್ಲಿಗೆ ಹೋಗಿದ್ದೆ ಎಂಬುದನ್ನು ಅವಳಿಗಿಂತ ಮೊದಲು ನಿಮಗೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಮುಯ್ಯಿಯ ವಿಚಾರ ಗೊತ್ತಾಗಬೇಕು.

ನಮ್ಮಲ್ಲಿ ಸೊಪ್ಪು ಮುರಿಯುವ ಕಾಲಕ್ಕೆ ಆಳು ಸಿಗುವುದಿಲ್ಲ. ಹಾಗಾಗಿ ಇವತ್ತು ನೀವು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ. ಇದೇ ಮುಯ್ಯಿ. ದುಡ್ಡಿನ ಮಾತಿಲ್ಲ, ಬೆವರಿಗೆ ಬೆವರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಆದರೆ ಈ ಲೆಕ್ಕದಲ್ಲಿ ಮಾತ್ರ ಯಾವತ್ತೂ ಫೇಲಾದವನಲ್ಲ. ಯಾರ ಮುಯ್ಯಿಯನ್ನೂ ವಾರದ ಮೇಲೆ ಇಟ್ಟುಕೊಂಡವನೂ ಅಲ್ಲ. ಒಮ್ಮೆ ಹಾಗೆ ತೀರಿಸಲು ಹೋದಾಗ ಆ ಮನೆಯಲ್ಲಿ ಮಗಳ ಮದುವೆ ನಡೆಯುತ್ತಿತ್ತು. ಬೇರೆ ದಾರಿ ಕಾಣದೆ ಅವರು ನನ್ನನ್ನು ಈರುಳ್ಳಿ ಹೆಚ್ಚಲು ಕೂರಿಸಿದರು. ಮದುವಣಗಿತ್ತಿಗಿಂತ ಹೆಚ್ಚು ಅತ್ತವನು ಆವತ್ತು ನಾನೇ.

ಇಂಥವನಿಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಗೆ ಅದು ತಗ್ಗಿತು. ಆದರೆ ಮತ್ತೆ ಬರದ ಹಾಗೆ ಮಾಡಬೇಕಾದರೆ ಮೂಳೆಯೊಳಗಿನ ಹಳೆಯದನ್ನೆಲ್ಲ ತೆಗೆದು, ರಕ್ತ ಹುಟ್ಟಿಸುವ ಹೊಸ ಜೀವಕೋಶಗಳನ್ನು ಬೇರೆಯವರಿಂದ ಪಡೆದು ಹಾಕಬೇಕು ಎಂದರು ಡಾಕ್ಟರು. ಬೇರೆಯವರಿಂದ ಎಂಬ ಮಾತು ನನಗೆ ಕಾಯಿಲೆಯ ಹೆಸರಿಗಿಂತ ಜೋರಾಗಿ ಬಡಿಯಿತು.

ತಾಳೆಯಾದದ್ದು ನಮ್ಮ ಅಕ್ಕ ಜಯಮ್ಮನದು. ಬೆಟ್ಟದಪುರದ ಕೆಳಗಿನ ಹಳ್ಳಿಗೆ ಕೊಟ್ಟಿದೆ, ಭಾವನದೂ ಹೊಗೆಸೊಪ್ಪಿನ ಹೊಲವೇ. ಅಕ್ಕನ ಬಾಯಿಗೆ ಹೆದರಿ ಅವರೂರಿನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬ ಮಾತಿದೆ. ಕಸಿ ಹಿಡಿದ ಮೇಲೆ ನಿಮ್ಮ ರಕ್ತದ ಗುಂಪು ಅಕ್ಕನದೇ ಆಗುತ್ತದೆ ಎಂದು ಡಾಕ್ಟರು ಹೇಳಿದಾಗ ಭಾಗ್ಯ ಗಾಬರಿಯಾಗಿ, ಬಾಯಿಯೂ ಅವರದೇ ಬರುತ್ತಾ ಎಂದು ಕೇಳಿದಳು. ಡಾಕ್ಟರು ನಕ್ಕರು. ನಾವಿಬ್ಬರೂ ನಗಲಿಲ್ಲ.

ಅಕ್ಕ ಬಂದಳು. ದಿನವೂ ಇಂಜೆಕ್ಷನ್ ಚುಚ್ಚಿಸಿಕೊಂಡು, ಮೂಳೆಮೂಳೆ ನೋಯಿಸಿಕೊಂಡು, ಕೊನೆಗೆ ಎರಡು ಕೈಗೂ ಸೂಜಿ ಹಾಕಿಸಿಕೊಂಡು ಯಂತ್ರದ ಪಕ್ಕ ಅರ್ಧ ದಿನ ಮಲಗಿದಳು. ಮೂಗು ಕೆರೆದುಕೊಳ್ಳಲಾಗದೆ ನರ್ಸಮ್ಮನಿಗೆ ಆ ಕೆಲಸ ಹಚ್ಚಿದ್ದಳಂತೆ. ನಾನೇನೋ ದೊಡ್ಡ ಆಪರೇಷನ್ ಎಂದು ಮೂರೂರಿನ ದೇವರಿಗೆ ಕೈಮುಗಿದು ಕಾದಿದ್ದರೆ, ಬಂದದ್ದು ಟೊಮ್ಯಾಟೊ ತಿಳಿಸಾರಿನ ಬಣ್ಣದ ಒಂದು ಚೀಲ. ಗ್ಲೂಕೋಸಿನ ಹಾಗೆ ತೊಟ್ಟಿಕ್ಕಿಸಿ, ಆಯ್ತು ಎಂದರು.

ಆಮೇಲೆ ಗಾಜಿನ ರೂಮು. ಎರಡೆರಡು ಬಾಗಿಲು, ಗಾಳಿಗೆ ಲೆಕ್ಕ, ಹೊತ್ತುಹೊತ್ತಿಗೆ ಶಾಖ ನೋಡುವುದು. ಒಳಗೆ ಹೋದ ದಿನವೇ ನನಗೆ ಗೊತ್ತಾಯಿತು, ಇದು ನಮ್ಮ ಬ್ಯಾರನ್ನು. ಸೊಪ್ಪು ಬೇಯಿಸುವ ಆ ಕೋಣೆಯ ಬೆಂಕಿಯ ಮುಂದೆ ನಾನು ಅರ್ಧ ಆಯುಸ್ಸು ಕಳೆದಿದ್ದೇನೆ. ಈಗ ನನ್ನನ್ನೇ ಸೊಪ್ಪಿನ ಹಾಗೆ ಕಡ್ಡಿಗೆ ಕಟ್ಟಿ ನೇತುಹಾಕಿದ್ದರು, ಅಷ್ಟೇ. ಮೈ ಹಳದಿಗಟ್ಟಿದಾಗ, ಮೊದಲು ಎಲೆ ಹಣ್ಣಾಗೋದು ಹೀಗೇ ಎಂದು ನರ್ಸಮ್ಮನಿಗೆ ಧೈರ್ಯ ಹೇಳಿದೆ. ಜ್ವರ ಏರಿದಾಗ ಬೆಂಕಿ ಸ್ವಲ್ಪ ಹಿಂದಕ್ಕೆ ಎಳೀರಿ ಅಂದೆ. ತಲೆ ಬೋಳಾಯಿತು. ನನ್ನ ಫೋಟೋ ನೋಡಿದ ಊರಿನವರು ಮುಡಿ ಕೊಟ್ಟಿದ್ದು ಯಾವ ದೇವರಿಗೆ ಎಂದು ವಿಚಾರಿಸಿದರು.

ಮನಸ್ಸಿನ ವಿಚಾರ ಕೇಳಲು ಒಬ್ಬರು ಮೇಡಮ್ಮು ಬರುತ್ತಿದ್ದರು, ಚಿಕ್ಕ ವಯಸ್ಸಿನವರು. ಹೇಗಿದೆ ಮನಸ್ಸು ಎಂದರೆ ನಾನು ಸೊಪ್ಪಿನ ಹರಾಜು ಕಟ್ಟೆಯ ಭಾಷೆಯಲ್ಲಿ ಬ್ರೈಟ್ ಗ್ರೇಡ್, ಅಂದರೆ ಮೇಲ್ದರ್ಜೆ, ಎನ್ನುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಮನಸ್ಸು ಹರಾಜಿಗೆ ಇಡುವ ಹಾಗೇ ಇರಲಿಲ್ಲ. ಬಾಯಿ ತುಂಬ ಹುಣ್ಣು, ಮುದ್ದೆ ಇರಲಿ ನೀರೂ ಇಳಿಯದು. ಅಕ್ಕನ ಜೀವಕೋಶ ಮೊಳೆತಿದೆಯೋ ಇಲ್ಲವೋ ಎಂದು ದಿನಾ ರಕ್ತ ತೆಗೆದು ನೋಡುವರು, ಇಲ್ಲ ಎಂದು ಹೇಳಲಾರದೆ ನಾಳೆ ನೋಡೋಣ ಎನ್ನುವರು. ನಾನು ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತೆ. ಆಗ ತಲೆಯೊಳಗೆ ಒಂದೇ ಸಂಗತಿ: ಅಕ್ಕನ ಮುಯ್ಯಿ ಹಾಗೇ ಉಳಿದಿದೆ.

ಅದಕ್ಕೆ ಒಂದು ಕೆಲಸ ಮಾಡಿದೆ. ಅಕ್ಕ ಸುಧಾರಿಸಿಕೊಳ್ಳಲು ಮೈಸೂರಿನ ಮಗಳ ಮನೆಯಲ್ಲಿದ್ದಳು. ನಾನು ಮಲಗಿದಲ್ಲಿಂದಲೇ ಫೋನು ಮಾಡಿ, ನನಗೆ ಮುಯ್ಯಿ ಉಳಿಸಿಕೊಂಡಿದ್ದ ನಮ್ಮೂರಿನ ನಾಲ್ಕು ಜನರನ್ನು ಅಕ್ಕನ ಹೊಲಕ್ಕೆ ಸೊಪ್ಪು ಮುರಿಯಲು ಕಳಿಸಿದೆ. ಅಕ್ಕನೇ ಹೇಳಿ ಕಳಿಸಿದ್ದಾಳೆಂದು ಭಾವ ತಿಳಿದರು. ಅಕ್ಕನ ಅಪ್ಪಣೆಯನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಅವರಿಗಿಲ್ಲ. ನಾಲ್ಕು ಜನ ಸಂಜೆಯೊಳಗೆ ಇಡೀ ಹೊಲ ಮುಗಿಸಿದರು. ಆ ಸೊಪ್ಪು ಬಲಿಯಲು ಇನ್ನೂ ದಿನಗಳಿದ್ದವು, ಆದರೆ ಅಕ್ಕನೇ ಹೇಳಿದ ಮೇಲೆ ಮುಗಿಯಿತು ಎಂದು ಯಾರೂ ಬಾಯಿ ಬಿಡಲಿಲ್ಲ. ಬ್ಯಾರನ್ನಿನಿಂದ ಇಳಿದಾಗ ಅದು ಹಸಿರು ಹಸಿರಾಗಿಯೇ ಇತ್ತು. ಅಂಥ ಸೊಪ್ಪನ್ನು ಹರಾಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಅದನ್ನೆಲ್ಲ ನಾನು ಮೇಡಮ್ಮಿಗೆ ಹೇಳಿರಲಿಲ್ಲ. ಆದರೆ ಅಕ್ಕನ ಹೊಲದ ಕೆಲಸ ಮುಗಿಯಿತಾ ಎಂದು ಫೋನಿನಲ್ಲಿ ಕೇಳಿದ್ದು, ಮುಗಿಯಿತು ಎಂದ ಮೇಲೆ ಊಟದ ತಟ್ಟೆ ತಳ್ಳಿದ್ದು, ಎರಡನ್ನೂ ಅವರು ನೋಡಿದ್ದರು. ಅಕ್ಕನಿಗೆ ಹೇಳಿ ಕಳಿಸಿದವರು ಅವರೇ.

ಅಕ್ಕ ಗಾಜಿನ ಆಚೆ ನಿಂತಳು. ಮಾತಾಡಲು ಫೋನು ಇಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡಳೇ ಹೊರತು ಅವಳಿಗೆ ಅದರ ಅಗತ್ಯವಿರಲಿಲ್ಲ. ಮೊದಲು ಸೊಪ್ಪಿನ ವಿಚಾರವಾಗಿ ನಾಲ್ಕು ಜನರ ಮನೆತನವನ್ನೂ ಭಾವನ ಬುದ್ಧಿಯನ್ನೂ ವಿಚಾರಿಸಿಕೊಂಡಳು. ನರ್ಸಮ್ಮ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಅಕ್ಕ ದನಿ ತಗ್ಗಿಸಿದಳು. ಅಕ್ಕನ ತಗ್ಗಿದ ದನಿಯನ್ನು ನಾನು ನಮ್ಮಪ್ಪ ತೀರಿಕೊಂಡ ದಿನ ಒಮ್ಮೆ ಕೇಳಿದ್ದೆ.

"ಮುಯ್ಯಿ ತೀರಿಸ್ಬುಟ್ಟು ಒಂಟೋಗಾನ ಅಂತ ನೋಡ್ತಿದ್ದೀಯೇನ್ಲಾ?"

ಅಷ್ಟು ದಿನ ಮೇಡಮ್ಮು ಕೇಳಿದ್ದೂ ಅದನ್ನೇ ಇರಬೇಕು, ನನಗೆ ಅರ್ಥವಾದದ್ದು ಆಗ.

"ಅಸಿ ಸೊಪ್ಪು ಮುರ್ಸಿದ್ದು ಮುಯ್ಯಿ ಅಲ್ಲ ಕಣ್ಲಾ, ಲುಕ್ಸಾನು. ಈಗ ಎಲ್ಡಾಯ್ತು ನಿನ್ನ ಮೇಲೆ. ನೀನೇ ಬಂದು ತೀರಿಸ್ಬೇಕು, ಆಳ ಕಳ್ಸಿದ್ರೆ ನಾ ಒಪ್ಪಾಕಿಲ್ಲ. ಎದ್ದು ಗಂಜಿ ಕುಡಿ."

"ಬಾಯೆಲ್ಲ ಹುಣ್ಣು ಕಣಕ್ಕ."

"ನನ್ನ ರಕ್ತ ಬಂದ್ಮೇಲೆ ಬಾಯಿಗೇನೂ ಆಗಲ್ಲ ಬುಡು. ಕುಡಿ."

ಕುಡಿದೆ. ಕಣ್ಣಲ್ಲಿ ನೀರು ಬಂತು, ಹುಣ್ಣಿನ ಉರಿಗೆ ಎಂದುಕೊಳ್ಳಿ. ಗಂಜಿಯಿಂದಲೇ ಕಸಿ ಹಿಡಿಯಿತು ಎನ್ನುವಷ್ಟು ದಡ್ಡನಲ್ಲ ನಾನು. ಅದು ಔಷಧಿ, ಡಾಕ್ಟರು, ಅದೃಷ್ಟ. ಆದರೆ ಅವತ್ತಿನಿಂದ ಗೋಡೆಯ ಕಡೆ ಮಲಗಲಿಲ್ಲ. ಮೇಡಮ್ಮು ಬಂದಾಗ ಇವತ್ತು ಬ್ರೈಟ್ ಅಲ್ಲ, ಲೋ ಗ್ರೇಡ್ ಎಂದೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ರಕ್ತ ಮೊಳೆತಿದೆ ಎಂಬ ಸುದ್ದಿ ಬಂದ ದಿನ ಭಾಗ್ಯ ಮೊದಲು ಫೋನು ಮಾಡಿದ್ದು ಅಕ್ಕನಿಗೆ. ಅಕ್ಕ ಹೇಳಿದ್ದು ಇಷ್ಟಂತೆ: "ನಂದಲ್ವಾ ಕಸಿ, ಇಡೀದೆ ಇರ್ತದಾ."

ಈಗ ಮುಂದಿನ ವರ್ಷದ ಸೊಪ್ಪಿನ ಕಾಲಕ್ಕೆ, ಅಂದರೆ ನಿನ್ನೆಗೆ ಬರೋಣ. ನಾನು ಹೋಗಿದ್ದು ಅಕ್ಕನ ಹೊಲಕ್ಕೆ. ಮಾಸ್ಕು, ಕೈಗೆ ಗ್ಲೌಸು, ತಲೆಗೆ ಟೋಪಿ. ಅವರೂರಿನ ನಾಯಿಗಳಿಗೂ ನನ್ನ ಗುರುತು ಸಿಗಲಿಲ್ಲ. ನಾನು ಬಗ್ಗಿ ಒಂದು ಸಾಲಿನ ಬುಡದೆಲೆ ಮುರಿಯುವಷ್ಟರಲ್ಲಿ ಅಕ್ಕ ಬದುವಿನ ಮೇಲೆ ಕಾಣಿಸಿಕೊಂಡಳು. ನನ್ನ ಕಂಕುಳಲ್ಲಿದ್ದ ಸೊಪ್ಪನ್ನು ಕಿತ್ತುಕೊಂಡು ಒಂದೊಂದೇ ಎಲೆ ತಿರುಗಿಸಿ ನೋಡಿದಳು. ಎಲ್ಲ ಹದವಾಗಿ ಬಲಿತ ಎಲೆಗಳೇ, ಅವಳ ಕಣ್ಣಿಗೂ ಅದು ಗೊತ್ತಾಯಿತು. ಆದರೂ, ಕಾಯಿಲೆಯವನು ಮುರಿದದ್ದು ಲೆಕ್ಕಕ್ಕಿಲ್ಲ, ಪೂರ್ತಿ ಗಟ್ಟಿಯಾದ ಮೇಲೆ ಬಾ ಎಂದು ಹೊಂಗೆ ಮರದ ಕೆಳಗೆ ಕೂರಿಸಿ ಬಿಸಿನೀರು ಕೊಟ್ಟಳು. ಮೊದಲಿನ ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ನಿನ್ನೆ ನೀರು ಕುಡಿದು ಬಂದೆ.

ಇದಿಷ್ಟನ್ನೂ ಪೇಪರು ಕೆಳಗಿಟ್ಟು ಭಾಗ್ಯಳಿಗೆ ಹೇಳಿದೆ. ಅವಳು ಡಾಕ್ಟರಿಗೆ ಹೇಳುತ್ತೇನೆ ಎಂದು ಹೆದರಿಸಿ, ಅಂಗಿಯನ್ನು ಬಕೆಟ್ಟಿಗೆ ಅದ್ದಿ, ಆಮೇಲೆ ಕೇಳಿದಳು, ಹಂಗಾದ್ರೆ ಮುಯ್ಯಿ ತೀರಲಿಲ್ವಾ ಎಂದು.

"ಇಲ್ಲ," ಎಂದೆ. "ಬರೋ ವರ್ಷನೂ ಹೋಗ್ಬೇಕು."