ಕುತ್ತಿಗೆಯ ಅಳತೆ

ಮಗಳ ತಲೆಯಲ್ಲಿದ್ದ ಕೊಳವೆ ಕಟ್ಟಿಕೊಂಡಿರಬಹುದು. ಒಳಗೆ ಕೀವಾಗಿರಬಹುದು. ಬೈರಕೂರಿನ ಬಸ್ಸು ಎತ್ತಿ ಹಾಕಿದ್ದಕ್ಕೆ ಏನೋ ಕಳಚಿರಬಹುದು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿ ನಾನೇ ಹಾಳುಮಾಡಿರಬಹುದು.

ಅವಳಿಗೆ ಐದು ವರ್ಷ. ಹುಟ್ಟಿದಾಗಲೇ ಮೆದುಳಿನಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಆ ನೀರು ಕುತ್ತಿಗೆಯ ಮೂಲಕ ಹೊಟ್ಟೆಗೆ ಇಳಿಯಲೆಂದು ಬೆಂಗಳೂರಿನಲ್ಲಿ ಚರ್ಮದಡಿ ಸಣ್ಣ ಕೊಳವೆ ಇಟ್ಟಿದ್ದರು, ಶಂಟ್ ಎನ್ನುತ್ತಾರೆ. ಈಗ ಬೆಳಿಗ್ಗೆ ಎದ್ದರೆ ವಾಂತಿ, ಹಗಲೆಲ್ಲ ತೂಕಡಿಕೆ. ಮುಳಬಾಗಿಲಿನ ನಮ್ಮ ಡಾಕ್ಟರು ನನ್ನನ್ನು ಕಂಡೊಡನೆ, "ಮತ್ತೆ ಬಂದ್ರಾ? ಜಂತುಹುಳ ಇರ್ಬೇಕು. ನಿದ್ದೆ ಮಾತ್ರೆ ನಿಮಗೆ ಬರ್ಕೊಡ್ಲಾ?" ಎಂದರು. ತೋಳ ಬಂತೆಂದು ಕೂಗಿ ಕೂಗಿ ಅಷ್ಟು ಹೆಸರು ಸಂಪಾದಿಸಿದ್ದೆ.

ಎದುರುಮನೆಯಲ್ಲಿ ಒಬ್ಬ ಟೈಲರಮ್ಮ. ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡೇ ಬೈಯಬಲ್ಲ ಹೆಂಗಸು. ಕೊಳವೆಗೆ ಒತ್ತುತ್ತದೆಂದು ಮಗಳ ಅಂಗಿಯ ಕೊರಳನ್ನು ನಾನು ಮೂರು ಮೂರು ಸಲ ಬಿಚ್ಚಿಸುತ್ತಿದ್ದೆ. ಆಕೆ ಬೀದಿಗೆಲ್ಲ ಕೇಳುವಂತೆ, "ಏಮಯ್ಯಾ ಗುಮಾಸ್ತಾ, ಅಂಗಿ ಹೊಲೀಲೋ, ಗೋಣಿಚೀಲ ಹೊಲೀಲೋ?" ಎನ್ನುತ್ತಿದ್ದಳು. ಹಬ್ಬಕ್ಕೂ ಮಾತಾಡಿಸದಷ್ಟು ದ್ವೇಷ ನಮ್ಮದು.

ಸೋಮವಾರ ಶಾಲೆ ಶುರು. ಡಾಕ್ಟರೇ ಏನಿಲ್ಲ ಎಂದಮೇಲೆ, ಸಮವಸ್ತ್ರದ ಅಳತೆಗೆ ಹೆಂಡತಿ ನನ್ನನ್ನೇ ಅಟ್ಟಿದಳು. ಮಗಳು ನಿಂತಲ್ಲೇ ತೂಗುತ್ತಿದ್ದಳು. ಅವಳ ಕುತ್ತಿಗೆಗೆ ಟೇಪು ಸುತ್ತಿದ ಟೈಲರಮ್ಮ ಕೈ ತಡೆದಳು. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟಳು. ನಾನು ಅದನ್ನು ನೋಡಿದ್ದು ಅದೇ ಮೊದಲು.

"ಈ ಕೊಳವೆ ಇಲ್ಲಿ ಲಾಡಿ ಥರ ಕೈಗೆ ಸಿಗ್ತಿತ್ತು. ಈಗ ನಡುವೆ ಒಂದು ಬೆರಳಗಲ ಇಲ್ವಲ್ಲ?"

"ನೀವು ಹೊಲಿಗೆ ನೋಡ್ಕೊಳ್ಳಿ," ಎಂದೆ.

"ಅಯ್ಯೋ ನಿನ್ನ ಬುದ್ಧಿಗೆ. ಐದು ವರ್ಷದಿಂದ ಈ ಕೊರಳು ಅಳೀತಿದೀನಿ ಕಣಯ್ಯಾ. ಯಾವಾಗ್ಲೂ ಹೆದರ್ತೀಯ, ಹೆದರ್ಬೇಕಾದಾಗ ಹೀಗೆ ನಿಂತ್ಕೋತೀಯ. ಬಸ್ ಹತ್ತು."

ಹತ್ತಿದೆ. ಬೆಂಗಳೂರಿನಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆದರು. ಆಕೆ ಬೆರಳಿಟ್ಟಿದ್ದ ಜಾಗದಲ್ಲೇ ಕೊಳವೆ ಎರಡು ತುಂಡಾಗಿತ್ತು. ಅಂದೇ ಆಪರೇಷನ್. ಇನ್ನೆರಡು ದಿನ ತಡವಾಗಿದ್ದರೆ ಕಣ್ಣಾದರೂ ಹೋಗುತ್ತಿತ್ತು, ಜೀವವಾದರೂ ಹೋಗುತ್ತಿತ್ತು ಎಂದರು.

ಊರಿಗೆ ಬಂದು ಹಣ್ಣು ಹಿಡಿದು ಹೋದೆ. ಕೊಳವೆ ಸಾಲದೆ ಎಳೆದು ತುಂಡಾಯಿತಂತೆ ಎಂದೆ. ಆಕೆ ತಲೆಯೆತ್ತಲಿಲ್ಲ. "ಮಕ್ಕಳಿಗೆ ಒಳಗೆ ಬಟ್ಟೆ ಬಿಟ್ಟು ಹೊಲೀಬೇಕು ಅಂತ ಆ ದೊಡ್ಡ ಡಾಕ್ಟ್ರಿಗೆ ಯಾರೂ ಹೇಳ್ಕೊಡ್ಲಿಲ್ವಾ? ಹಣ್ಣು ಅಲ್ಲಿಡು. ಬೆಳಕಿಗೆ ಅಡ್ಡ ನಿಂತಿದೀಯ."

ಕೊನೆಯವರೆಗೂ ಆಕೆಗೆ ನಾನು ಸೇರಲಿಲ್ಲ, ನನಗೆ ಆಕೆ ಸೇರಲಿಲ್ಲ. ಹೋದ ವರ್ಷ ತೀರಿಕೊಂಡಾಗ, ಎದ್ದು ಬೈದಾಳೆಂಬ ಅಳುಕಿನಲ್ಲೇ ಹೆಣಕ್ಕೆ ಹೂವಿಟ್ಟು ಬಂದೆ. ಮಗಳ ಜೀವ ಆಕೆಯ ಋಣ, ಒಪ್ಪುತ್ತೇನೆ. ಅಷ್ಟೊಂದು ಅನಾಹುತಗಳನ್ನು ಊಹಿಸಿದ ನನಗೆ ಹೊಳೆಯದೇ ಹೋದದ್ದು ಒಂದೇ: ಮಗು ಬೆಳೆದು ಉದ್ದವಾಗಿತ್ತು.