ಚಿತ್ರದಲ್ಲಿ ಇಲ್ಲದ ಅವಲಕ್ಕಿ

ನಮ್ಮ ಮನೆಯ ಮಕ್ಕಳಿಗೆ ದೇವರನ್ನು ಪರಿಚಯ ಮಾಡಿಸಿದ್ದು ನಾನಲ್ಲ, ಎಣ್ಣೆ ಮಿಲ್ಲಿನ ಕ್ಯಾಲೆಂಡರು. ಹೊಸ ವರ್ಷ ಬಂತೆಂದರೆ ಸಾಕು, ಶೇಂಗಾ ಮಿಲ್ಲಿನವರು, ಜವಳಿ ಅಂಗಡಿಯವರು, ಸಿರುಗುಪ್ಪದ ಅಕ್ಕಿ ಗಿರಣಿಯವರು ಕೊಟ್ಟ ಕ್ಯಾಲೆಂಡರುಗಳು ನಡುಮನೆಯ ಗೋಡೆ ತುಂಬ ಜೋತಾಡುತ್ತಿದ್ದವು. ಶಿವನ ಪಾದದ ಕೆಳಗೇ ‘ಶುದ್ಧ ಶೇಂಗಾ ಎಣ್ಣೆ’ ಎಂದು ಬರೆದಿರುತ್ತಿತ್ತು. ನನ್ನ ಎರಡನೆಯ ಮಗ ಬಹಳ ದಿನ ಎಣ್ಣೆ ಮಾರುವವನು ಶಿವನೇ ಎಂದು ತಿಳಿದಿದ್ದ. ನಾನು ತಿದ್ದಲು ಹೋಗಲಿಲ್ಲ. ದೊಡ್ಡವನಾಗುತ್ತ ತಾನೇ ತಿದ್ದಿಕೊಂಡ. ಓಣಿ ತುಂಬ ಶಿವನ ಮಂದಿಯೇ ಇರುವಾಗ ಒಬ್ಬ ಹುಡುಗ ಎಷ್ಟು ದಿನ ತಪ್ಪು ತಿಳಿದುಕೊಂಡಿದ್ದಾನು?

ಊರೆಲ್ಲ ಹುಡುಕಿದರೂ ತನ್ನವರು ಸಿಗದ ಮಗುವಿನ ಪಾಡು ಬೇರೆ. ಅದು ನನಗೆ ಗೊತ್ತಾದದ್ದು ಎಪ್ಪತ್ತರ ದಶಕದಲ್ಲಿ, ನಾವು ಬಳ್ಳಾರಿಯ ಕಂಟೋನ್ಮೆಂಟಿಗೆ ಮನೆ ಬದಲಿಸಿ ರೆಬೆಕಾಬಾಯಿಯ ನೆರೆಯವರಾದಾಗ. ಆಕೆಯ ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮುಂಬಯಿ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ತೀರಿಕೊಂಡಿದ್ದರು. ಬಳ್ಳಾರಿಯಲ್ಲಿ ಯಹೂದಿಗಳ ಮನೆಯೆಂದರೆ ನನಗೆ ತಿಳಿದಂತೆ ಅದೊಂದೇ. ನಮ್ಮ ಓಣಿಯವರಿಗೆ ಆಕೆಯನ್ನು ಯಾವ ಖಾನೆಯಲ್ಲಿ ಕೂರಿಸಬೇಕೆಂಬುದೇ ದೊಡ್ಡ ತಲೆನೋವು. ಹೆಸರು ಕೇಳಿದವರು ಕ್ರಿಶ್ಚಿಯನ್ ಎನ್ನುತ್ತಿದ್ದರು. ಬಾಯಲ್ಲಿ ‘ನಬಿ’ ಎಂಬ ಮಾತು ಬಂದಾಗ ಕೇಳಿಸಿಕೊಂಡವರು ಸಾಬರು ಎನ್ನುತ್ತಿದ್ದರು. ಸೀರೆ ಉಡುವ ರೀತಿ ನೋಡಿದವರು ಮರಾಠೇರು ಎಂದು ತೀರ್ಮಾನಿಸಿ ನಿಶ್ಚಿಂತರಾಗುತ್ತಿದ್ದರು. ಆಕೆ ಯಾರನ್ನೂ ತಿದ್ದುತ್ತಿರಲಿಲ್ಲ. ನನಗೆ ಮಾತ್ರ ಒಮ್ಮೆ ಹೇಳಿದ್ದಳು: ಆಕೆಯ ಹಿರಿಯರು ಕೊಂಕಣದ ಕಡಲ ದಂಡೆಯಲ್ಲಿ ಗಾಣ ಆಡಿಸುತ್ತಿದ್ದರಂತೆ. ಶನಿವಾರ ಮಾತ್ರ ಏನೇ ಆದರೂ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರದ ತೇಲಿಗಳು’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರಂತೆ. ಧರ್ಮದ ಪುಸ್ತಕ ಕೈಗೆ ಬರುವ ಮೊದಲೂ ನೂರಾರು ವರ್ಷ ಅವರು ತಮ್ಮ ದೇವರನ್ನು ನೆನಪಿಟ್ಟದ್ದು ಹೀಗೆ, ವಾರಕ್ಕೊಂದು ದಿನ ಕೈಕಟ್ಟಿ ಕೂತು. ನಾನಾದರೆ ಸುಮ್ಮನೆ ಕೂತ ದಿನ ನಿದ್ದೆ ಮಾಡಿಬಿಡುತ್ತೇನೆ.

ಆ ಮನೆಯಲ್ಲಿ ಇದ್ದವರು ಇಬ್ಬರೇ, ರೆಬೆಕಾಬಾಯಿ ಮತ್ತು ಮಗಳ ಮಗಳು ಮಿರಿಯಂ. ಮಗಳು ಬಾಣಂತನದಲ್ಲೇ ಹೋಗಿಬಿಟ್ಟಿದ್ದಳು. ಅಳಿಯ ಇಸ್ರೇಲಿಗೆ ಹೋಗಿ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದಿದ್ದ. ಮನೆ ಸಿಕ್ಕ ಮೇಲೆ ಮಗುವನ್ನು ಕರೆಸಿಕೊಳ್ಳುವುದು ಎಂದು ಮಾತಾಗಿತ್ತು. ಮಗು ಬರುವಷ್ಟರಲ್ಲಿ ತನ್ನ ಕುಲಾಚಾರ ಒಂದಿಷ್ಟು ತಿಳಿದಿರಲಿ ಎಂದು ಅವನು ಅಲ್ಲಿಂದ ಚಿತ್ರದ ಪುಸ್ತಕಗಳನ್ನು ಕಳಿಸುತ್ತಿದ್ದ. ಎಂಥ ಕಾಗದ, ಎಂಥ ಬಣ್ಣ! ನಮ್ಮ ಶಾಲೆಯ ಪಠ್ಯಪುಸ್ತಕಗಳು ಅವುಗಳ ಮುಂದೆ ನಾಚಿಕೊಳ್ಳಬೇಕು. ಬಿಳಿ ಹಾಸಿನ ಮೇಜು, ಅದರ ಮೇಲೆ ಎರಡು ಮೇಣದ ಬತ್ತಿ, ಜಡೆ ಹೆಣೆದಂತೆ ಹೆಣೆದ ರೊಟ್ಟಿ, ಸುತ್ತ ಕೆಂಪು ಕೆನ್ನೆಯ ಮಕ್ಕಳು.

ಪುಸ್ತಕವೇನೋ ಬಂತು, ನೋಡಲು ಅಜ್ಜಿಗೆ ಕಣ್ಣಿರಲಿಲ್ಲ. ಕಣ್ಣಿನ ನರ ಸೋತಿದೆ, ಆಪರೇಷನ್ನಿನಿಂದಲೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಒಂದು ಸಂಜೆ ಆಕೆ ಕಪ್ಪು ಕನ್ನಡಕ ಹಾಕಿಕೊಂಡು, ಪುಸ್ತಕಗಳನ್ನು ಎದೆಗವಚಿಕೊಂಡು, ಗೋಡೆ ಸವರುತ್ತ ನಮ್ಮ ಮನೆಗೆ ಬಂದಳು.

“ಗೌರಮ್ಮಾ, ನೀವು ಸಾಲಿ ಟೀಚರ್ ಅದೀರಿ. ಚಿತ್ರ ನೋಡಿ ಕಥಿ ಹೇಳೋದು ನಿಮಗೇನ್ ದೊಡ್ಡದಲ್ಲ. ನಮ್ಮ ಕೂಸಿಗೆ ಒಂದೀಟು ಹೇಳ್ರಿ.”

ನನಗೆ ಹೆಮ್ಮೆಯಾಯಿತು. ಒಂದನೆಯ ಇಯತ್ತೆಯ ಮಕ್ಕಳಿಗೆ ವರ್ಷಗಟ್ಟಲೆ ಕಾಗೆ, ನರಿಯ ಕಥೆ ಹೇಳಿದವಳು ನಾನು, ಇದೇನು ಮಹಾ ಎಂದುಕೊಂಡೆ. ಅಕ್ಷರಗಳು ಇರುವೆ ಸಾಲಿನಂತೆ ಇದ್ದವು, ಒಂದೂ ತಿಳಿಯಲಿಲ್ಲ. ಚಿತ್ರ ಸಾಕಲ್ಲ ಎಂದು ಮೊದಲ ಪುಟ ತೆರೆದೆ. ಗಡ್ಡದ ಮುದುಕನೊಬ್ಬ ಸಿಟ್ಟಿನಿಂದ ಕಲ್ಲಿನ ಹಲಗೆ ಒಡೆಯುತ್ತಿದ್ದ. ಮುಂದಿನ ಪುಟದಲ್ಲಿ ಮಂದಿ ಕೇಕೆ ಹಾಕಿ ಕುಣಿಯುತ್ತಿದ್ದರು, ನಡುವೆ ಬಂಗಾರದ ಬಣ್ಣದ ಒಂದು ಹೋರಿಗರು, ಕೊರಳಲ್ಲಿ ಹೂವಿನ ಹಾರ. ನೋಡಿದ ಕೂಡಲೆ ನನಗೆ ಮೈ ಜುಮ್ಮೆಂದಿತು. ನಾನು ಕುರುಗೋಡಿನವಳು. ಅಲ್ಲಿಯ ದೊಡ್ಡ ಕಲ್ಲು ಬಸವಣ್ಣನ ಮುಂದೆ ಆಡಿ ಬೆಳೆದವಳು. “ನೋಡ್ ಮಿರಿಯಂ, ಬಸವಣ್ಣ! ಮುತ್ಯಾಗ ಮೊದಲು ಭಾಳ ಸಿಟ್ಟಿತ್ತು. ಆಮ್ಯಾಲ ಎಲ್ಲಾರೂ ಕೂಡಿ ಬಸವಣ್ಣನ ಪೂಜಿ ಮಾಡಿದ್ರು, ಸಿಟ್ಟೆಲ್ಲಾ ಇಳೀತು” ಎಂದು ರಾಗವಾಗಿ ಹೇಳಿದೆ. ಮಗು ಕೈಮುಗಿಯಿತು. ದೂರದ ಯಹೂದಿಗಳೂ ನಮ್ಮ ಬಸವಣ್ಣನ ಒಕ್ಕಲೇ ಎಂದು ಆ ರಾತ್ರಿ ನಮ್ಮ ಮನೆಯವರಿಗೂ ಹೇಳಿ ಬೀಗಿದೆ.

ಮರುದಿನ ರೆಬೆಕಾಬಾಯಿ ಮೊಮ್ಮಗಳ ಬಾಯಿಂದ ಕಥೆ ಕೇಳಿಕೊಂಡು ಬಂದು ಜಗಲಿಯ ಮೇಲೆ ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

“ಗೌರಮ್ಮಾ, ಅದು ಬಸವಣ್ಣ ಅಲ್ರಿ. ಆ ಕರಕ್ಕ ಕೈಮುಗಿದದ್ದೇ ತಪ್ಪಾತು ಅಂತ ಮುತ್ಯಾ ಸಿಟ್ಟಾಗಿದ್ದು. ನಮ್ಮ ಪುಸ್ತಕ ಬಲಗಡಿಯಿಂದ ತೆಗೀಬೇಕ್ರಿ. ನೀವು ಕಡೀ ಪುಟದಿಂದ ಹೇಳೀರಿ.”

ನನಗೆ ನಾಚಿಕೆಯೂ ಆಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬಂತು. ಬಸವಣ್ಣನಿಗೆ ಕೈಮುಗಿದರೆ ತಪ್ಪೇ? ಆದರೆ ಆಕೆಯ ಮುಂದಿನ ಮಾತು ಕೇಳಿ ಸಿಟ್ಟು ಉಳಿಯಲಿಲ್ಲ. “ಈ ಕೂಸು ಅಲ್ಲಿ ಹೋಗಿ ಕರಕ್ಕ ಶರಣು ಮಾಡಿದ್ರ, ನೀ ಯಾರ ಪೈಕಿ ಅಂತ ಕೇಳ್ತಾರ್ರಿ. ಹೇಳಾಕ ತಾಯಿಲ್ಲ. ನನಗ ಕಣ್ಣಿಲ್ಲ. ನಾ ಎಷ್ಟು ದಿನ ಇರ್ತೀನೋ!”

ಅವತ್ತಿನಿಂದ ನಮ್ಮ ಪಾಠದ ಕ್ರಮ ಬದಲಾಯಿತು. ಮೊದಲು ಚಿತ್ರದಲ್ಲಿ ಏನಿದೆಯೆಂದು ನಾನು ಹೇಳುವುದು, ಆಕೆ ಅದರ ಕಥೆಯನ್ನು ನನಗೆ ಹೇಳುವುದು, ನಾನು ಅದನ್ನು ಚಿತ್ರ ತೋರಿಸುತ್ತ ಮಗುವಿಗೆ ಹೇಳುವುದು. ಅಜ್ಜಿ ಮೊಮ್ಮಗಳ ನಡುವೆ ನಾನೊಬ್ಬಳು ದುಭಾಷಿ. ಇಟ್ಟಿಗೆ ಹೊರುವ ಗುಲಾಮರು, ಇಬ್ಭಾಗವಾದ ಸಮುದ್ರ, ಹಬ್ಬದ ದಿನ ಯಾರ ಮನೆಗೂ ಬರಬಹುದಾದ ಪ್ರವಾದಿ (ಆಕೆಯ ಬಾಯಲ್ಲಿ ಬರುತ್ತಿದ್ದ ‘ನಬಿ’ ಇವನೇ), ಎಲ್ಲರೂ ನನಗೆ ಪರಿಚಯವಾದರು. ಮಗುವಿಗಿಂತ ನಾನೇ ಚೆನ್ನಾಗಿ ಕಲಿತೆನೇನೋ. ಮಗುವಿಗೆ ನಡುನಡುವೆ ಕುಂಟಾಬಿಲ್ಲೆಯ ಯೋಚನೆ, ನನಗೆ ಅಂಥ ಆಕರ್ಷಣೆ ಇರಲಿಲ್ಲ.

ಕಷ್ಟ ಬಂದದ್ದು ಅವಲಕ್ಕಿಯಿಂದ. ರೆಬೆಕಾಬಾಯಿ ಹರಕೆಗೆ, ಶುಭಕಾರ್ಯಕ್ಕೆ, ದೂರ ಹೊರಡುವವರಿಗೆ ಒಂದು ತಟ್ಟೆ ಮಾಡುತ್ತಿದ್ದಳು. ಅದಕ್ಕೆ ಮಲಿದಾ ಎನ್ನುವುದು. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು, ಒಂದು ಗುಲಾಬಿ. ಹಬ್ಬಕ್ಕೆ ಬರುವ ಆ ಪ್ರವಾದಿಯ ಹೆಸರು ಹೇಳಿ ಹಂಚುವುದು. ಹಬ್ಬಕ್ಕೆ ದ್ರಾಕ್ಷಾರಸ ಬೇಕೆಂದರೆ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ಶುಕ್ರವಾರ ಸಂಜೆ ಮೇಣದ ಬತ್ತಿಯಲ್ಲ, ಎಣ್ಣೆಯ ತೂಗುದೀಪ. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ ಮಿರಿಯಂ ಒಂದು ದಿನ ಕೇಳಿಯೇಬಿಟ್ಟಳು:

“ಆಜಿ, ಇದರಾಗ ಎಲ್ಲೂ ಅವಲಕ್ಕಿ ಇಲ್ಲಲ್ಲ. ನೀ ಮಾಡೋದು ಸುಳ್ಳೇನು?”

ರೆಬೆಕಾಬಾಯಿ ನನ್ನ ಕಡೆ ತಿರುಗಿದಳು. “ಖರೇ ಏನ್ರಿ ಗೌರಮ್ಮಾ? ಎಲ್ಲೂ ಇಲ್ಲೇನು?” ಎಂದು ನನ್ನನ್ನು ಕೇಳಿದಳು. ನಾನು ಪ್ರತಿ ಪುಟ ಹುಡುಕಿದೆ. ಬಲಗಡೆಯಿಂದಲೇ ಹುಡುಕಿದೆ. ಇರಲಿಲ್ಲ. ಅಜ್ಜಿಯ ಮುಖ ಸಣ್ಣದಾಯಿತು. “ಪುಸ್ತಕ ಮಾಡಿದೋರು ತಿಳಿದೋರು ಇರ್ತಾರ. ನಾವು ಗಾಣದೋರು, ಏನೋ ತಪ್ಪು ಮಾಡಿಕೋತ ಬಂದಿರಬೇಕು” ಎಂದಳು. ಮುಂದಿನ ಶುಕ್ರವಾರ ಆ ಮನೆಯಲ್ಲಿ ತೂಗುದೀಪ ಹಚ್ಚಲಿಲ್ಲ. ಅಂಗಡಿಯಿಂದ ತಂದ ಎರಡು ಮೇಣದ ಬತ್ತಿ ಉರಿಯುತ್ತಿದ್ದವು. ಇಷ್ಟು ಶತಮಾನ ಯಾರ ಕಣ್ಣಿಗೂ ಬೀಳದೆ ಉಳಿದುಬಂದ ಆಚಾರ, ಅದನ್ನು ಕಲಿಸಲೆಂದೇ ಬಂದ ಪುಸ್ತಕದ ಕೈಯಲ್ಲಿ ಸತ್ತುಹೋಗುತ್ತಿತ್ತು.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬೋರ್ಡಿನ ಮೇಲೆ ಆನೆ ಬರೆದರೆ ಮಕ್ಕಳು ಎಮ್ಮೆ ಎನ್ನುತ್ತಿದ್ದರು. ಆದರೂ ಒಂದು ಕಾಗದದ ಮೇಲೆ ತಟ್ಟೆ ಬರೆದೆ. ಅವಲಕ್ಕಿಯ ಗುಡ್ಡೆ, ಹಣ್ಣು, ಪಕ್ಕದಲ್ಲಿ ಕಪ್ಪು ಕನ್ನಡಕದ ಒಬ್ಬ ಅಜ್ಜಿ. ಅದನ್ನು ಅಂಟಿನಿಂದ ಪುಸ್ತಕದ ನಡುವೆ ಸೇರಿಸಿ, “ಇಲ್ಲೈತಿ ನೋಡು, ಪುಟ ಅಂಟಿಕೊಂಡಿತ್ತು” ಎಂದೆ. ಮಗು ಬಹಳ ಹೊತ್ತು ನೋಡಿತು. “ಇದು ನಮ್ಮ ಆಜಿ” ಎಂದಿತು. ರೆಬೆಕಾಬಾಯಿ ಆ ಪುಟದ ಮೇಲೆ ಬೆರಳಾಡಿಸಿದಳು. ಅಂಟಿನ ಒರಟು ಆಕೆಯ ಬೆರಳಿಗೆ ಸಿಕ್ಕಿರಲೇಬೇಕು. ಪುಸ್ತಕ ಮುಚ್ಚಿ ಮಗುವಿನ ಕೈಗಿಟ್ಟಳು. ಮರುವಾರ ಮತ್ತೆ ತೂಗುದೀಪ ಬಂತು.

ಎರಡು ಬೇಸಗೆ ಕಳೆದ ಮೇಲೆ ರೆಬೆಕಾಬಾಯಿ ತೀರಿಹೋದಳು. ಬಳ್ಳಾರಿಯ ಬಿಸಿಲಿನಲ್ಲಿ ಅಳಿಯ ಬರುವವರೆಗೆ ಕಾಯುವ ಹಾಗಿರಲಿಲ್ಲ. ಕ್ರಿಶ್ಚಿಯನ್ನರ ಸ್ಮಶಾನದವರು ದೊಡ್ಡ ಮನಸ್ಸು ಮಾಡಿ ಮೂಲೆಯಲ್ಲಿ ಜಾಗ ಕೊಟ್ಟರು. ಯಹೂದಿಗಳ ಪೂರ್ಣ ಪ್ರಾರ್ಥನೆಗೆ ಅವರವರೇ ಹತ್ತು ಮಂದಿ ಗಂಡಸರು ಬೇಕಂತೆ. ಊರಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಮನೆಯವರು, ಬೇಕರಿಯ ಸಾಬರು, ಪೋಸ್ಟ್ ಆಫೀಸಿನ ಆಚಾರ್ಯರು ತಲೆಗೆ ಟವೆಲ್ಲು ಹಾಕಿಕೊಂಡು ಸುಮ್ಮನೆ ನಿಂತರು. ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಂಥ ಮೌನದಲ್ಲಿ ಮಣ್ಣು ಬೀಳುವ ಸಪ್ಪಳ ಕೇಳಬಾರದು ಕಣ್ರಿ.

ಆಮೇಲೆ ಅಳಿಯ ಬಂದ. ಒಳ್ಳೆಯ ಮನುಷ್ಯ, ಬಹಳ ಸೊರಗಿದ್ದ. ಮಿರಿಯಂ ಹೊರಡುವ ದಿನ ದಾರಿಗೆ ಶುಭವಾಗಲೆಂದು ನಾನು ಅವಲಕ್ಕಿ ನೆನೆಸಿದ್ದೆ. ತಟ್ಟೆ ನೋಡಿ ಅವನು ತಲೆ ತಗ್ಗಿಸಿದ. “ತಪ್ಪು ತಿಳಿಬ್ಯಾಡ್ರಿ ಅಕ್ಕಾರ. ಅಲ್ಲಿ ನಮ್ಮನ್ನೇ ನೀವು ಖರೇ ಯಹೂದಿಗಳೇನು ಅಂತ ಕೇಳ್ಯಾರ. ಕೂಸು ಪುಸ್ತಕದಾಗ ಇದ್ದಂಗ ಇರಲಿ. ಅವಲಕ್ಕಿ ಮರೆತರ ಅದಕ್ಕ ಸುಖ ಐತಿ.” ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುವಾಗ ನಾನು ಅಂಟಿಸಿದ ಪುಟವನ್ನು ಹರಿಯದಂತೆ ಮೆಲ್ಲಗೆ ಬಿಡಿಸಿ ನನ್ನ ಕೈಗೆ ಕೊಟ್ಟ. ಮಿರಿಯಂ ನೋಡುತ್ತ ನಿಂತಿದ್ದಳು, ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊದಮೊದಲು ಹಬ್ಬಕ್ಕೊಂದು ಕಾರ್ಡು ಬಂತು, ಆಮೇಲೆ ಅದೂ ನಿಂತಿತು.

ಈಗ ಲೆಕ್ಕ ಹೀಗಾಗಿದೆ ನೋಡಿ. ಆ ತಟ್ಟೆಯ ಕ್ರಮ ಬಳ್ಳಾರಿಯಲ್ಲಿ ಗೊತ್ತಿರುವವಳು ನಾನೊಬ್ಬಳೇ, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ನಾನು ಅದನ್ನು ಮಾಡುವ ಹಾಗಿಲ್ಲ, ನನ್ನದಲ್ಲ. ಮರೆಯುವ ಹಾಗೂ ಇಲ್ಲ, ಒಡತಿ ಎಂದಾದರೂ ಬಂದು ಕೇಳಿದರೆ ಕೊಡಬೇಕಲ್ಲ. ಮೊನ್ನೆ ಕೊಳಗಲ್ಲಿನ ಬಸ್ಸಿನಲ್ಲಿ ಕೂತಾಗ ಆ ಕ್ರಮವನ್ನು ಸುಮ್ಮನೆ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಹಣ್ಣುಗಳ ಮೇಲೆ ಕೈಯಿಟ್ಟು ಮಂತ್ರ ಹೇಳುವಾಗ ಮರದ ಹಣ್ಣಿಗೊಂದು, ನೆಲದ ಹಣ್ಣಿಗೊಂದು, ಬೇರೆ ಬೇರೆ. ಬಾಳೆ ಮರವಲ್ಲ, ಗಿಡ, ಆದ್ದರಿಂದ ಅದು ನೆಲದ್ದು. ಇಷ್ಟೆಲ್ಲ ಸರಿಯಾಗಿ ನೆನಪಿದೆ. ಯಾವ ಮಂತ್ರ ಮೊದಲು ಎಂಬುದೇ ಹೊಳೆಯಲಿಲ್ಲ. ಬಸ್ಸು ಇಳಿದ ಮೇಲೂ ಹೊಳೆಯಲಿಲ್ಲ. ಹಿಂದಾಗಿದ್ದರೆ ಗೋಡೆಯಾಚೆ ಒಂದು ಕೂಗು ಹಾಕಿ ಕೇಳುತ್ತಿದ್ದೆ.